ಬಟಾಣಿ ಮಾಯವಾದಳು

ಹೊಸ ಶಾಲೆಗೆ ಸೇರಿದ ಹನ್ನೊಂದನೇ ದಿನ ನಮ್ಮ ಬಟಾಣಿ ಮಾಯವಾದಳು.

ನಾನು ಕಟ್ಟಿ ಹೇಳುತ್ತಿಲ್ಲ, ಅವಳೇ ಹೇಳಿದ್ದು. ಸಂಜೆ ನಾಲ್ಕು ಗಂಟೆಗೆ ಚೀಲ ಎಳೆದುಕೊಂಡು ಅಂಗಡಿಯ ಮೆಟ್ಟಿಲು ಹತ್ತಿ ಬಂದವಳೇ, ಕಣ್ಣು ಇಷ್ಟಗಲ ಮಾಡಿ ಕೂಗಿದಳು.

"ಅತ್ತೇ! ಅಪ್ಪಾ! ನಂಗೆ ಶಕ್ತಿ ಬಂದಿದೆ! ಮಾಯಾಶಕ್ತಿ! ಶಾಲೇಲಿ ನಾನು ಯಾರಿಗೂ ಕಾಣಿಸ್ತಾನೇ ಇಲ್ಲ!"

ನಮ್ಮದು ಕನ್ನಡಕದ ಅಂಗಡಿ. ನನ್ನ ತಮ್ಮ ಬಂದವರ ಕಣ್ಣು ಪರೀಕ್ಷೆ ಮಾಡುತ್ತಾನೆ. ನಾನು ಹಿಂದಿನ ಮೇಜಿನಲ್ಲಿ ಕೂತು ಗಾಜನ್ನು ಸಾಣೆ ಹಿಡಿದು ಫ್ರೇಮಿಗೆ ಕೂರಿಸುತ್ತೇನೆ. ಬಟಾಣಿ ತಮ್ಮನ ಮಗಳು. ಹುಟ್ಟಿದಾಗ ಅಂಗೈಯಷ್ಟೇ ಇದ್ದಳು, ಅದಕ್ಕೇ ಆ ಹೆಸರು. ಈಗ ಎಂಟು ವರ್ಷ. ನಾಲಿಗೆಗೆ ಮಾತ್ರ ಹದಿನೆಂಟು. ಅಂಗಡಿಯನ್ನು ಹಳೆಯ ಜಾಗದಿಂದ ಈ ಬೀದಿಗೆ ತಂದೆವು, ಅವಳ ಶಾಲೆಯೂ ಬದಲಾಯಿತು. ವರ್ಷದ ನಡುವೆ ಮಕ್ಕಳನ್ನು ಹೊಸ ಶಾಲೆಗೆ ಹಾಕಿದವರಿಗೆ ಆ ಪಾಡು ಗೊತ್ತೇ ಇರುತ್ತದೆ. ದಿನಾ ಬೆಳಿಗ್ಗೆ ಹೊಟ್ಟೆನೋವು, ದಿನಾ ಬೆಳಿಗ್ಗೆ ಒಂದು ಶೂ ನಾಪತ್ತೆ. "ಒಂದೆರಡು ವಾರ, ಆಮೇಲೆ ಸರಿಹೋಗುತ್ತೆ ಬಿಡು" ಎಂದು ನಾವೇ ಸಮಾಧಾನ ಮಾಡಿಕೊಂಡಿದ್ದೆವು.

ಈಗ ನೋಡಿದರೆ ಮಾಯಾಶಕ್ತಿ! ನಮಗೂ ಖುಷಿಯೋ ಖುಷಿ. ಹೊಟ್ಟೆನೋವಿಗಿಂತ ಮಾಯಾಶಕ್ತಿ ಎಷ್ಟೋ ವಾಸಿಯಲ್ಲವೇ?

ಅವತ್ತು ಸಂಜೆ ಊಟಕ್ಕೆ ಕೂತಾಗ ತಮ್ಮ ನನಗೆ ಕಣ್ಣು ಹೊಡೆದ. ಬ್ರೆಡ್ ಕಾರ್ಖಾನೆಯ ಕೆಲಸ ಮುಗಿಸಿ ಬಂದಿದ್ದ ಹೆಂಡತಿಯನ್ನು ಕೇಳಿದ, "ನಿನ್ನ ಮಗಳೆಲ್ಲೇ? ಕಾಣ್ತಾನೇ ಇಲ್ಲ!"

ಅವಳೂ ಆಟಕ್ಕೆ ಸೇರಿದಳು. "ಅಯ್ಯೋ ಹೌದಲ್ಲಾ, ಕುರ್ಚಿ ಖಾಲಿ ಇದೆ!"

ನಾನೇನು ಕಡಿಮೆಯೇ? ಬಟಾಣಿಯ ಮುಂದಿದ್ದ ತಟ್ಟೆಯನ್ನೇ ಎತ್ತಿಟ್ಟೆ. "ಅವಳಿಲ್ಲ ಅಂದ್ಮೇಲೆ ತಟ್ಟೆ ಯಾಕೆ?"

ಬಟಾಣಿ ಮೊದಲು ಕಿಲಕಿಲ ನಕ್ಕಳು. ಆಮೇಲೆ ಸುಮ್ಮನೆ ಹಲ್ಲು ಕಾಣಿಸಿದಳು. ಆಮೇಲೆ ಅದೂ ನಿಂತಿತು.

"ನೀವೂನಾ?" ಎಂದಳು, ತುಂಬ ಮೆಲ್ಲಗೆ.

ಆ ಮಾತಿಗೂ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಮರುದಿನದಿಂದ ಅವಳು ತನ್ನ ಶಕ್ತಿಯ ವರದಿ ಕೊಡತೊಡಗಿದಳು. "ಇವತ್ತು ಬೆಂಚಲ್ಲಿ ಕೂತಿದ್ದೆ, ಒಬ್ಳು ಬಂದು ನನ್ನ ಮೇಲೇ ಕೂತ್ಲು! 'ಇಲ್ಲಿ ಯಾರೂ ಇಲ್ಲ' ಅಂದ್ಲು." ಇನ್ನೊಂದು ದಿನ, "ಚೆಂಡು ನನ್ನ ಭುಜಕ್ಕೆ ಬಿತ್ತು. 'ಗಾಳಿಗೆ ಬಡೀತು' ಅಂದ್ರು." ಮತ್ತೊಂದು ದಿನ, "ಕ್ಲಾಸ್ ಲೀಡರ್ ದಿನಾ ಸಾಲು ಎಣಿಸ್ತಾನೆ ಅತ್ತೆ. ನಾವು ಮೂವತ್ತೆರಡು ಜನ. ಅವನು ಮೂವತ್ತೊಂದೇ ಅಂತಾನೆ. ನನ್ನ ಹತ್ರ ಬಂದಾಗ ಹಾರಿಸಿಬಿಡ್ತಾನೆ. ನಾನು ಅಷ್ಟು ಚೆನ್ನಾಗಿ ಮಾಯ ಆಗ್ತೀನಿ!"

ನನ್ನ ತಮ್ಮ ಇದನ್ನೆಲ್ಲ ತಲೆದೂಗುತ್ತ ಕೇಳಿದ. ಮೂರನೇ ದಿನ ಮೇಜು ಬಡಿದು ಎದ್ದು ನಿಂತ.

"ಅಕ್ಕಾ! ಗೊತ್ತಾಯ್ತು! ಆ ಮಕ್ಕಳಿಗೆ ಕಣ್ಣು ಮಂಜಾಗಿದೆ!"

"ಎಲ್ಲರಿಗೂ ಒಟ್ಟಿಗೇನಾ?"

"ಫೋನಕ್ಕಾ, ಫೋನು! ಮೂರು ಹೊತ್ತೂ ಅದನ್ನೇ ನೋಡಿದ್ರೆ ಇನ್ನೇನಾಗುತ್ತೆ? ಇವಳು ಮೊದಲೇ ಗುಬ್ಬಿಗಾತ್ರ, ಹಿಂದಿನ ಸಾಲಿನವಳು. ದೂರದ್ದು ಕಾಣದವರಿಗೆ ಇವಳು ಹೇಗೆ ಕಾಣ್ತಾಳೆ ಹೇಳು?"

ನಗಬೇಡಿ. ನಮ್ಮ ಅಂಗಡಿಗೆ ಬರುವವರೆಲ್ಲ "ಕಾಣಲ್ಲ" ಎಂದುಕೊಂಡೇ ಬರುತ್ತಾರೆ, ನಾವು ಗಾಜಿನ ಪೆಟ್ಟಿಗೆಗೆ ಕೈ ಹಾಕುತ್ತೇವೆ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಅವನ ತಲೆ ಅದೇ ದಾರಿಯಲ್ಲಿ ಓಡಿತು, ನನ್ನದೂ ಹಿಂದೆಯೇ ಓಡಿತು. ಅವನು ಮರುದಿನವೇ ಶಾಲೆಗೆ ಹೋಗಿ, ಶುಕ್ರವಾರ ಇಡೀ ತರಗತಿಗೆ ಉಚಿತವಾಗಿ ಕಣ್ಣು ಪರೀಕ್ಷೆ ಮಾಡುವುದಾಗಿ ಮಾತು ಕೊಟ್ಟು ಬಂದ. ಟೀಚರು ಸಂತೋಷದಿಂದ ಒಪ್ಪಿಕೊಂಡರಂತೆ.

ಬುಧವಾರ ನರ್ಸಮ್ಮ ಅಂಗಡಿಗೆ ಬಂದರು. ಬೀದಿಯ ಕೊನೆಯ ಚಿಕಿತ್ಸಾಲಯದವರು. ಅವರ ಕನ್ನಡಕದ ಬಲಗಡೆಯ ಸ್ಕ್ರೂ ವಾರಕ್ಕೊಮ್ಮೆ ಸಡಿಲವಾಗುತ್ತದೆ. ಹೊಸ ಫ್ರೇಮು ತೆಗೆದುಕೊಳ್ಳಿ ಎಂದರೆ ಕೇಳುವುದಿಲ್ಲ. ನಾನು ಸ್ಕ್ರೂ ಬಿಗಿ ಮಾಡುತ್ತಿದ್ದಾಗ ತಮ್ಮ ಮಗಳ ಮಾಯಾಶಕ್ತಿಯ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದ. ನರ್ಸಮ್ಮ ನಗಲಿಲ್ಲ.

"ಬುತ್ತಿ ಡಬ್ಬಿ ಖಾಲಿಯಾಗಿ ಬರುತ್ತಾ?" ಎಂದು ಕೇಳಿದರು.

ನಾನು ಯೋಚಿಸಿದೆ. "ಇಲ್ಲ. ಈಗೀಗ ಹಾಗೇ ವಾಪಸ್ ಬರ್ತಿದೆ."

"ಹೊಟ್ಟೆನೋವು?"

"ರಜಾದಿನ ಬಿಟ್ಟು ದಿನಾ."

"ಸ್ನೇಹಿತರ ಹೆಸರು ಒಂದಾದ್ರೂ ಹೇಳಿದ್ದಾಳಾ?"

ಒಂದು ಹೆಸರೂ ನಮಗೆ ಗೊತ್ತಿರಲಿಲ್ಲ.

"ಇದು ಕಣ್ಣಿನ ದೋಷ ಅಲ್ಲಪ್ಪ," ಎಂದರು ನರ್ಸಮ್ಮ. "ಆ ಮಕ್ಕಳೆಲ್ಲ ಸೇರಿಕೊಂಡು ಅವಳು ಇಲ್ಲವೇ ಇಲ್ಲ ಅನ್ನೋ ಹಾಗೆ ನಡ್ಕೋತಿದ್ದಾರೆ. ಇದೂ ಪೀಡನೆಯೇ."

ತಮ್ಮನಿಗೆ ಸಿಟ್ಟು ಬಂತು. "ಮಕ್ಕಳಾಟಕ್ಕೆ ಎಷ್ಟು ದೊಡ್ಡ ಹೆಸರು ಇಡ್ತೀರಮ್ಮ! ಯಾರೂ ಹೊಡೆದಿಲ್ಲ, ಬೈದಿಲ್ಲ. ನಾವೂ ಶಾಲೆಗೆ ಹೋಗಿದ್ವಿ, ನಮ್ಮನ್ನೂ ಗೋಳು ಹುಯ್ಕೊಂಡ್ರು. ಗಟ್ಟಿಯಾದ್ವಿ."

"ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ಸುಮ್ನೆ ಹೇಳ್ತಾರಾ? ಹೊಡೆದ್ರೆ ಮೈಮೇಲೆ ಗುರುತು ಸಿಗುತ್ತೆ. ಇದರಲ್ಲಿ ಗುರುತು ಸಿಗಲ್ಲ, ಅಷ್ಟೇ ವ್ಯತ್ಯಾಸ. ಮಗು ಪಾಪ, ನೋವನ್ನ ಶಕ್ತಿ ಅಂದ್ಕೊಂಡು ನುಂಗ್ತಾ ಇದೆ."

ನನ್ನ ಕೈಯಲ್ಲಿದ್ದ ಸ್ಕ್ರೂ ಕೆಳಗೆ ಬಿತ್ತು. ಎತ್ತಿಟ್ಟ ಆ ತಟ್ಟೆ ನೆನಪಾಯಿತು.

ತಮ್ಮ ಮಾತ್ರ ಜಗ್ಗಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು. "ಶುಕ್ರವಾರ ಗೊತ್ತಾಗುತ್ತೆ ಬಿಡಿ," ಎಂದ.

ಶುಕ್ರವಾರಕ್ಕೆ ಮೊದಲು ಗುರುವಾರ ಬಂತು.

ನಾಲ್ಕು ಗಂಟೆಯಾಯಿತು. ಬಟಾಣಿ ಬರಲಿಲ್ಲ. ನಾಲ್ಕೂವರೆಯಾಯಿತು. ನಾನು ಸಾಣೆಯಂತ್ರ ನಿಲ್ಲಿಸಿ ಚಪ್ಪಲಿ ಹಾಕಿಕೊಂಡೆ. ತಮ್ಮ ಗಿರಾಕಿಯನ್ನು ಅರ್ಧ ಪರೀಕ್ಷೆಯಲ್ಲೇ ಬಿಟ್ಟು ಓಡಿದ. ಅವಳಮ್ಮ ದಾರಿಯಲ್ಲೇ ಸಿಕ್ಕಿದಳು, ಮೈಮೇಲೆ ಇನ್ನೂ ಕಾರ್ಖಾನೆಯ ಬಿಳಿ ಕೋಟು. ಶಾಲೆಯ ಅಂಗಳ ಖಾಲಿ. ತರಗತಿಗೆ ಬೀಗ. ಗುಡಿಸುವ ಆಯಮ್ಮ ಒಂದೊಂದೇ ಬಾಗಿಲು ತೆಗೆಯುತ್ತಾ ಬಂದರು.

ಬಟಾಣಿ ಸಿಕ್ಕಿದ್ದು ಆಟದ ಸಾಮಾನಿಡುವ ಕೋಣೆಯಲ್ಲಿ. ಬಲೆ, ಹಗ್ಗ, ಗಾಳಿ ಹೋದ ಚೆಂಡುಗಳ ನಡುವೆ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಆಟ ಮುಗಿದ ಮೇಲೆ ಅವಳು ಚೆಂಡು ಇಡಲು ಒಳಗೆ ಹೋಗಿದ್ದಳು. ಹೊರಗೆ ಲೀಡರ್ ಎಣಿಸಿ "ಮೂವತ್ತೊಂದು, ಎಲ್ಲರೂ ಬಂದ್ರು" ಎಂದಿದ್ದ. ಆಯಮ್ಮ ಅದನ್ನೇ ನಂಬಿ ಬೀಗ ಹಾಕಿದ್ದರು.

"ಒಂದು ಗಂಟೆ ಆಯ್ತಲ್ಲೇ!" ಅವಳಮ್ಮ ಅವಳನ್ನು ಅವಚಿಕೊಂಡು ಅತ್ತಳು. "ಕಿಟಕಿ ಪಕ್ಕದಲ್ಲೇ ಎಲ್ಲರೂ ಓಡಾಡ್ತಿದ್ರಲ್ಲ! ಕೂಗಬೇಕಿತ್ತು ತಾನೇ?"

ಬಟಾಣಿ ಆಶ್ಚರ್ಯದಿಂದ ಅಮ್ಮನ ಮುಖ ನೋಡಿದಳು. "ಕಾಣದೇ ಇರೋರು ಕೂಗಿದ್ರೆ ಕೇಳ್ಸುತ್ತಾ ಅಮ್ಮ?"

ಮನೆಗೆ ಬಂದ ಮೇಲೆ ಅವಳು ಇನ್ನೊಂದು ಮಾತು ಹೇಳಿದಳು. "ನಾನಿನ್ನು ಶಾಲೆಗೆ ಹೋಗಲ್ಲ. ಹೋದ್ರೂ ಒಂದೇ, ಬಿಟ್ರೂ ಒಂದೇ."

ಶಾಲೆ ಎಂದರೆ ಕುಣಿಯುತ್ತಿದ್ದ ಮಗು! ಹಳೆಯ ಶಾಲೆಗೆ ರಜಾದಿನವೂ ಹೋಗುತ್ತೇನೆಂದು ಗೇಟಿನವರೆಗೆ ಹೋಗಿ ಬಂದ ಮಗು!

ಆಗಲೇ ನರ್ಸಮ್ಮನನ್ನು ಕರೆಸಿದೆವು. ಅವಳಮ್ಮ ಒಂದೇ ಮಾತು ಹಿಡಿದಿದ್ದಳು, ಶಾಲೆ ಬಿಡಿಸಿಬಿಡೋಣ. ತಮ್ಮ ಇನ್ನೊಂದು ಹಿಡಿದ, "ಆ ಲೀಡರ್ ಯಾರ ಮಗ? ಅವರ ಮನೆಗೇ ಹೋಗಿ ಕೇಳ್ತೀನಿ! ಇಲ್ಲಾ, ಇವಳೂ ತಿರುಗಿಸಿ ಎರಡು ಬಿಡ್ಲಿ!"

"ಅವರ ಮನೆ ಬಾಗಿಲಿಗೆ ಹೋಗಿ ಕೂಗಾಡಿದ್ರೆ ನಾಳೆ ಆ ಹುಡುಗ ಇನ್ನಷ್ಟು ಕಾಡ್ತಾನೆ," ಎಂದರು ನರ್ಸಮ್ಮ. "ಇವಳು ಹೊಡೆದ್ರೆ ತಪ್ಪು ಇವಳ ತಲೆಗೆ ಬರುತ್ತೆ. ಶಾಲೆ ಬಿಡಿಸಿದ್ರೆ ಅವಳು ಮಾಯವಾಗಿದ್ದು ನಿಜವಾಗಿಬಿಡುತ್ತೆ. ಮೊದಲು ಮಗು ಹೇಳಿದ್ದನ್ನ ನಂಬಿ. 'ನಿನ್ನ ತಪ್ಪಲ್ಲ' ಅಂತ ಬಾಯಿಬಿಟ್ಟು ಹೇಳಿ. ಯಾವ ದಿನ, ಎಲ್ಲಿ, ಏನಾಯ್ತು ಅಂತ ಬರೆದಿಡಿ. ಅದನ್ನ ತಗೊಂಡು ಟೀಚರ ಹತ್ರ ಹೋಗಿ."

ನಾನು ಕನ್ನಡಕದ ಚೀಟಿಯ ಹಿಂದೆಯೇ ಬರೆದುಕೊಂಡೆ. ಬೆಂಚು, ಚೆಂಡು, ಸಾಲು, ಬೀಗ. ಬರೆಯುತ್ತಾ ಹೋದಂತೆ ಹನ್ನೊಂದು ಸಂಗತಿಗಳಾದವು. ಬೀಗವೊಂದನ್ನು ಬಿಟ್ಟು ಉಳಿದ ಹತ್ತಕ್ಕೂ ನಾವು ಚಪ್ಪಾಳೆ ತಟ್ಟಿದ್ದೆವು! ದೀಪದ ಕೆಳಗೆ ಕತ್ತಲೆ ಎಂದರೆ ಇದೇ.

ತಮ್ಮ ಆ ಚೀಟಿಯನ್ನು ತುಂಬ ಹೊತ್ತು ನೋಡಿದ. ಆದರೂ ಮೊಲಕ್ಕೆ ಮೂರೇ ಕಾಲು. "ನಾಳೆ ಪರೀಕ್ಷೆ ಆಗ್ಲಿ ನರ್ಸಮ್ಮ. ಆ ಮಕ್ಕಳ ಕಣ್ಣಲ್ಲಿ ದೋಷ ಇಲ್ಲ ಅಂತಾದ್ರೆ ನೀವು ಹೇಳಿದ್ದು ಒಪ್ಕೋತೀನಿ." ಆಮೇಲೆ ಮಗಳ ಮುಂದೆ ಕೂತ. "ನಾಳೆ ಒಂದೇ ದಿನ ಬಾ ಮಗಳೇ. ನಂಗೆ ಕೋಲು ಹಿಡಿಯೋಕೆ ಯಾರಿದ್ದಾರೆ?"

ಅಂಗಡಿಯಲ್ಲಿ ಅಕ್ಷರದ ಹಲಗೆಯ ಪಕ್ಕ ನಿಂತು ಕೋಲಿನಿಂದ ಅಕ್ಷರ ತೋರಿಸುವುದು ಬಟಾಣಿಯ ಕೆಲಸ. ಅದರಲ್ಲಿ ಅವಳಿಗೆ ಭಾರಿ ಜಂಬ. ಅಪ್ಪನ ಮುಂದೆ ಒಂದೇ ಬೆರಳೆತ್ತಿ ಹೇಳಿದಳು, "ನಾಳೆ ಒಂದಿನ. ಆಮೇಲೆ ಹೋಗಲ್ಲ."

ಶುಕ್ರವಾರ ತರಗತಿಯ ಗೋಡೆಗೆ ಹಲಗೆ ತೂಗುಹಾಕಿದೆವು. ಮೇಲೆ ಒಂದೇ ದೊಡ್ಡ ಅಕ್ಷರ, ಕೆಳಗೆ ಹೋಗುತ್ತಾ ಚಿಕ್ಕ ಚಿಕ್ಕವು, ಕೊನೆಯ ಸಾಲು ಇರುವೆಯಷ್ಟು. ಇಪ್ಪತ್ತು ಅಡಿ ದೂರದಲ್ಲಿ ಕುರ್ಚಿ. ಹಲಗೆಯ ಪಕ್ಕ ಬಟಾಣಿ, ಎಡಗೈಯಲ್ಲಿ ಕೋಲು, ತಲೆಗೆ ಹಸಿರು ರಿಬ್ಬನ್. ನಾನೂ ನರ್ಸಮ್ಮನೂ ಹೆಸರು ಬರೆಯಲು ಕೂತೆವು. ಬೆಳಿಗ್ಗೆಯೇ ನಾನು ಟೀಚರಿಗೆ ಚೀಟಿ ಕೊಟ್ಟಿದ್ದೆ. ಅವರು ಓದಿ, "ಬೀಗದ ವಿಷಯ ಕೇಳಿ ನಂಗೂ ಭಯ ಆಯ್ತು. ಆದ್ರೆ ಬೇಕಂತ ಮಾಡಿರಲ್ಲ. ನಮ್ಮ ತರಗತೀಲಿ ಒಂದು ಜಗಳಾನೂ ಇಲ್ಲ," ಎಂದಿದ್ದರು.

ಮೊದಲು ಲೀಡರ್ ಬಂದ. ಇಸ್ತ್ರಿ ಮಾಡಿದ ಅಂಗಿ, ಚುರುಕು ಹುಡುಗ. ಬಟಾಣಿ ಕೋಲಿಟ್ಟಲ್ಲೆಲ್ಲ ಪಟಪಟ ಓದಿದ. ಇರುವೆ ಸಾಲನ್ನೂ ಬಿಡಲಿಲ್ಲ. ಎರಡನೆಯವಳೂ ಓದಿದಳು. ಮೂರನೆಯವನೂ ಓದಿದ. ಹತ್ತು ಮಕ್ಕಳಾದರು, ಇಪ್ಪತ್ತಾದರು. ಒಬ್ಬನಿಗೆ ಮಾತ್ರ ಅಲ್ಪಸ್ವಲ್ಪ ಮಂಜು. ಉಳಿದವರೆಲ್ಲರ ಕಣ್ಣು ಹದ್ದಿನ ಕಣ್ಣು!

ತಮ್ಮ ನಾನು ಬರೆದ ಪಟ್ಟಿಯನ್ನು ಎರಡೆರಡು ಸಲ ನೋಡಿದ. ಅವನು ಲೀಡರನ್ನು ಮತ್ತೆ ಕರೆದ.

"ಬಾ ಮರಿ, ಇನ್ನೊಂದ್ಸಲ. ಕೊನೇ ಸಾಲು ಕಾಣುತ್ತಾ?"

"ಕಾಣುತ್ತೆ ಸಾರ್."

"ಕೋಲು?"

"ಕಾಣುತ್ತೆ."

"ಕೋಲು ಹಿಡ್ಕೊಂಡಿರೋದು ಯಾರು?"

ಹುಡುಗ ಹಿಂದೆ ತಿರುಗಿ ಗೆಳೆಯರನ್ನು ನೋಡಿದ. ತುಟಿಯ ಮೂಲೆಯಲ್ಲಿ ನಗು. "ಯಾರೂ ಇಲ್ಲ ಸಾರ್. ಕೋಲು ಗಾಳೀಲಿ ತಾನೇ ನಿಂತಿದೆ."

ತರಗತಿ ಕಿಸಕ್ಕೆಂದಿತು. ತಮ್ಮ ಪರೀಕ್ಷೆಯ ಫ್ರೇಮಿಗೆ ಒಂದು ಗಾಜು ಹಾಕಿ ಹುಡುಗನ ಕಣ್ಣಿಗಿಟ್ಟ. "ಈಗ?"

"ಇಲ್ಲ ಸಾರ್."

ಇನ್ನೊಂದು ಗಾಜು. "ಈಗ?"

"ಇಲ್ಲ ಸಾರ್."

ತಮ್ಮ ಫ್ರೇಮನ್ನು ಮೇಜಿನ ಮೇಲಿಟ್ಟ. ಅವನ ಪೆಟ್ಟಿಗೆಯಲ್ಲಿ ಇನ್ನೂರಕ್ಕೂ ಹೆಚ್ಚು ಗಾಜುಗಳಿವೆ. ಇದಕ್ಕೆ ಒಂದೂ ಇಲ್ಲ ಎಂದು ಅವನಿಗೆ ಆಗ ಗೊತ್ತಾಯಿತು. ಟೀಚರು ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಿದ್ದರು. ಹಲಗೆಯ ಪಕ್ಕ ಬಟಾಣಿ ಮಿಸುಕಾಡದೆ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು, ಕೋಲು ಮಾತ್ರ ಕೆಳಗಿಳಿಸಿರಲಿಲ್ಲ. ನನಗೆ ಓಡಿಹೋಗಿ ಅವಳನ್ನು ಎತ್ತಿಕೊಳ್ಳಬೇಕೆನಿಸಿತು. ನರ್ಸಮ್ಮ ನನ್ನ ಮೊಣಕೈ ಹಿಡಿದರು.

ಯಾಕೆಂದರೆ ಕೊನೆಯ ಬೆಂಚಿನಿಂದ ಒಬ್ಬಳು ಎದ್ದಿದ್ದಳು.

ಮಕ್ಕಳೆಲ್ಲ ಅವಳನ್ನು ಸೋಡಾಬುಡ್ಡಿ ಎಂದು ಕರೆಯುತ್ತಿದ್ದರು. ಅಷ್ಟು ದಪ್ಪ ಕನ್ನಡಕ. ಅವಳು ಬಂದು ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಮೇಲಿನ ಅಕ್ಷರ ಕಾಣುತ್ತಾ ಪುಟ್ಟ?" ತಮ್ಮನ ದನಿ ಸೋತಿತ್ತು.

"ಇಲ್ಲ ಸಾರ್."

"ಅಷ್ಟು ದೊಡ್ಡದೂ ಕಾಣಲ್ವಾ?"

"ಇಲ್ಲ ಸಾರ್. ಎಲ್ಲಾ ಮಸುಕು." ಅವಳು ಲೀಡರ್ ಕಡೆ ನೋಡಿದಳು. "ಆದ್ರೆ ಹೊಸ ಹುಡುಗಿ ಕಾಣ್ತಾಳೆ."

ಮಕ್ಕಳೆಲ್ಲ ಅವಳ ಕಡೆ ತಿರುಗಿದರು.

"ಹಸಿರು ರಿಬ್ಬನ್ ಹಾಕಿದ್ದಾಳೆ. ಎಡಗಡೆ ಕೈಲಿ ಕೋಲಿದೆ. ಮೊದಲನೇ ದಿನದಿಂದ್ಲೂ ಕಾಣ್ತಿದ್ಲು ಸಾರ್. ಹೆದ್ರಿಕೊಂಡು ಸುಮ್ನಿದ್ದೆ. ಹೋದ ವರ್ಷ ಇವರಿಗೆಲ್ಲ ಕಾಣ್ದೇ ಇದ್ದವಳು ನಾನೇ."

ಕೋಲು ಟಣ್ ಎಂದು ನೆಲಕ್ಕೆ ಬಿತ್ತು. ಬಟಾಣಿ ಎರಡೂ ಕೈ ಎತ್ತಿ ತನ್ನ ಅಂಗೈಗಳನ್ನೇ ನೋಡಿಕೊಂಡಳು, ಹಿಂದೆ ಮುಂದೆ ತಿರುಗಿಸಿ, ಈಗತಾನೇ ವಾಪಸ್ ಸಿಕ್ಕಿದ ವಸ್ತುವಿನ ಹಾಗೆ.

"ನಂಗೂ ಕಾಣ್ತಾಳೆ," ಎಂದಿತು ಮೂಲೆಯಿಂದ ಒಂದು ದನಿ.

"ನಂಗೂ!"

"ನಂಗೂ ಸಾರ್!" ಬಟಾಣಿಯ ಮೇಲೆ ಕೂತಿದ್ದವಳೂ ಎದ್ದು ನಿಂತಳು, ಮೂಗು ಒರೆಸಿಕೊಳ್ಳುತ್ತಾ. ಐದು, ಹತ್ತು, ಇಪ್ಪತ್ತು! ತರಗತಿಯೇ ಗಲಗಲ ಎಂದಿತು. ನಾನು ದೊಡ್ಡವಳೆಂಬುದನ್ನು ಮರೆತು ಬೆಂಚು ಬಡಿದೆ.

ಕೊನೆಗೆ ಉಳಿದವನು ಲೀಡರ್. ತಮ್ಮ ಬೈಯಬಹುದೆಂದು ಎಲ್ಲರೂ ಕಾದರು. ಟೀಚರು ಮುಂದೆ ಬಂದು ಅವನ ಭುಜದ ಮೇಲೆ ಕೈಯಿಟ್ಟರು. "ಮೊದಲು ನಾನು ಹೇಳ್ಬೇಕು. ಜಗಳ ಇಲ್ಲ ಅಂದ್ರೆ ಎಲ್ಲಾ ಸರಿ ಇದೆ ಅಂದ್ಕೊಂಡಿದ್ದೆ. ನಾನೂ ನೋಡ್ಲಿಲ್ಲ. ತಪ್ಪಾಯ್ತು ಬಟಾಣಿ."

ಹುಡುಗನ ಇಸ್ತ್ರಿ ಅಂಗಿಯ ಮೇಲೆ ಕಣ್ಣೀರು ಬಿತ್ತು. "ಮೊದ್ಲು ತಮಾಷೆ ಅನ್ನಿಸ್ತು ಟೀಚರ್. ಆಮೇಲೆ ನಿಲ್ಲಿಸಿದ್ರೆ ನನ್ನನ್ನೇ ಮಾಯ ಮಾಡಿಬಿಡ್ತಾರೇನೋ ಅಂತ ಹೆದ್ರಿಕೆ ಆಯ್ತು."

ನೋಡಿ, ಅವನಿಗೂ ಭಯ! ಒಂದು ಕೋಣೆ ತುಂಬ ಮಕ್ಕಳು ಒಬ್ಬರಿಗೊಬ್ಬರು ಹೆದರಿಕೊಂಡು ಕೂತಿದ್ದರು. ಅವನನ್ನು ಶಾಲೆಯಿಂದ ಓಡಿಸಲಿಲ್ಲ, ಎಲ್ಲರ ಮುಂದೆ ಕಿವಿ ಹಿಂಡಲೂ ಇಲ್ಲ. ಟೀಚರೂ ನರ್ಸಮ್ಮನೂ ಅವನ ಅಪ್ಪ ಅಮ್ಮನನ್ನು ಕರೆಸಿ ಕೂತು ಮಾತಾಡಿದರು. ಈಗ ಸಾಲು ಎಣಿಸುವ ಕೆಲಸ ದಿನಕ್ಕೊಬ್ಬರದು, ಟೀಚರು ತಾವೂ ಎಣಿಸುತ್ತಾರೆ. ಆಯಮ್ಮ ಕೋಣೆಯೊಳಗೆ ಕಣ್ಣಾಡಿಸದೆ ಬೀಗ ಹಾಕುವುದಿಲ್ಲ. ಏನಾದರೂ ಆದರೆ ಓಡಿಬಂದು ಹೇಳಲು ಟೀಚರ ಕೋಣೆಯ ಬಾಗಿಲು ಊಟದ ಹೊತ್ತಿನಲ್ಲಿ ತೆರೆದೇ ಇರುತ್ತದೆ. ಎಲ್ಲ ಒಂದೇ ದಿನದಲ್ಲಿ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮುಂದಿನ ವಾರವೂ ಒಂದೆರಡು ಕುಹಕದ ಮಾತು ಬಂದವಂತೆ. ಬಟಾಣಿ ಅವತ್ತವತ್ತೇ ಹೇಳಿದಳು, ನಾವು ಅವತ್ತವತ್ತೇ ಕೇಳಿದೆವು.

ಆ ಶುಕ್ರವಾರ ಸಂಜೆ ತಮ್ಮ ಊಟಕ್ಕೆ ಕೂರುವ ಮೊದಲು ಮಗಳ ತಟ್ಟೆಯನ್ನು ತಾನೇ ತೊಳೆದು ಅವಳ ಮುಂದಿಟ್ಟ. "ಅವತ್ತು ನಕ್ಕಿದ್ದು ತಪ್ಪಾಯ್ತು ಮಗಳೇ," ಎಂದ. ನರ್ಸಮ್ಮನಿಗೆ ಹೊಸ ಫ್ರೇಮನ್ನೂ ತೆಗೆದಿಟ್ಟಿದ್ದ. ಅವರು ಅದನ್ನು ಇನ್ನೂ ತೆಗೆದುಕೊಂಡಿಲ್ಲ, ಆ ಮಾತು ಬೇರೆ.

ಬಟಾಣಿ ಬಾಯಿತುಂಬ ಊಟ ತುಂಬಿಕೊಂಡೇ ಹೇಳಿದಳು, "ಅತ್ತೆ, ನಂಗೆ ಶಕ್ತಿಗಿಕ್ತಿ ಏನೂ ಇರ್ಲಿಲ್ಲ. ಶಕ್ತಿ ಇರೋದು ಅವಳಿಗೆ! ಕನ್ನಡಕ ಇಲ್ದೇನೇ 'ಕಾಣ್ತಾಳೆ' ಅಂದ್ಲು, ಟಕ್ ಅಂತ ನಾನು ಬಂದ್ಬಿಟ್ಟೆ! ಸೋಮವಾರ ಅವಳ ಪಕ್ಕಾನೇ ಕೂತ್ಕೋತೀನಿ. ಅವಳ ನಿಜವಾದ ಹೆಸರು ಕೇಳಿಲ್ಲ ಇನ್ನೂ. ಬೇಗ ಸೋಮವಾರ ಬರ್ಲಿ!"

ಈಗ ನಮ್ಮ ಅಂಗಡಿಗೆ ಯಾವ ಮಗು ಬಂದರೂ ತಮ್ಮ ಅಕ್ಷರ ಓದಿಸಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಾನೆ. "ಇವತ್ತು ಶಾಲೇಲಿ ಊಟಕ್ಕೆ ಯಾರ ಪಕ್ಕ ಕೂತಿದ್ದೆ?" ಹೆಚ್ಚಿನ ಮಕ್ಕಳು ಒಂದಲ್ಲ, ನಾಲ್ಕು ಹೆಸರು ಹೇಳುತ್ತಾರೆ. ಕೆಲವರು ಸುಮ್ಮನಾಗುತ್ತಾರೆ. ಆಗ ತಮ್ಮ ಅವರ ಅಪ್ಪ ಅಮ್ಮನನ್ನು ಪಕ್ಕಕ್ಕೆ ಕರೆಯುತ್ತಾನೆ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಮಗುವನ್ನೂ ಇವತ್ತೇ ಕೇಳಿ. ಎಷ್ಟು ಅಂಕ ಬಂತು ಎಂಬುದು ಆಮೇಲೆ ಇರಲಿ. ಯಾರ ಪಕ್ಕ ಕೂತಿದ್ದೆ ಎಂದು ಕೇಳಿ. ಉತ್ತರ ಬರದಿದ್ದರೆ ನಗಬೇಡಿ, ಗದರಬೇಡಿ, ಮಕ್ಕಳಾಟ ಎಂದು ಕೈಕೊಡವಬೇಡಿ. ಹತ್ತಿರ ಕೂರಿಸಿಕೊಂಡು ಪೂರ್ತಿ ಕೇಳಿ, ಮರುದಿನವೇ ಟೀಚರ ಹತ್ತಿರ ಹೋಗಿ.

ಮಕ್ಕಳೇ, ನಿಮ್ಮ ತರಗತಿಯಲ್ಲಿ ಒಂಟಿಯಾಗಿ ಬುತ್ತಿ ಬಿಚ್ಚುವ ಒಬ್ಬರು ಇದ್ದೇ ಇರುತ್ತಾರೆ. ನಾಳೆ ಊಟದ ಗಂಟೆ ಹೊಡೆದ ಕೂಡಲೇ ಡಬ್ಬಿ ಎತ್ತಿಕೊಂಡು ಹೋಗಿ ಅವರ ಪಕ್ಕ ಕೂತುಬಿಡಿ. ಮೊದಲು ಅವರ ಹೆಸರು ಕೇಳಿ.